ಎ1ಎ ರಸ್ತೆಯ ನಡಿಗೆಗಾರ

ಪಣಂಬೂರಿನಲ್ಲಿ ಕಡಲಿಗಿಂತ ಮೊದಲು ಕಿವಿಗೆ ಬೀಳುವುದು ಲಾರಿ. ಕೂಳೂರು ಸೇತುವೆ ದಾಟಿದರೆ ಸಾಕು, ಹೆದ್ದಾರಿ 66 ಬಂದರಿನ ಸೊತ್ತು. ಕಂಟೇನರು, ಗ್ಯಾಸ್ ಟ್ಯಾಂಕರು, ಟರ್ಪಾಲು ಹೊದ್ದ ಟಿಪ್ಪರು. ಬಿಳಿ ಪಟ್ಟಿಯ ಆಚೆ ಒಂದಿಷ್ಟು ಡಾಂಬರು, ಆಮೇಲೆ ಕೆಂಪು ದೂಳು. ನಡೆಯುವವನ ಪಾಲಿಗೆ ಅಷ್ಟೇ.

ಇಂಥದೇ ಕಡಲಂಚಿನ ರಸ್ತೆಯೊಂದರಲ್ಲಿ ಜಿಗ್ಮೆ ನೊರ್ಬು ಸತ್ತರು. ದಲೈ ಲಾಮಾ ಅವರ ಅಣ್ಣನ ಮಗ. ಅಮೆರಿಕದ ಬ್ಲೂಮಿಂಗ್ಟನ್ನಿನಲ್ಲಿ ಹೋಟೆಲು ನಡೆಸಿದವರು. 2011ರ ಫೆಬ್ರವರಿ 14ರಂದು ಫ್ಲಾರಿಡಾದ ಸೇಂಟ್ ಆಗಸ್ಟೀನ್‌ನಿಂದ ವೆಸ್ಟ್ ಪಾಮ್ ಬೀಚಿಗೆಂದು, ಟಿಬೆಟಿನ ಪರವಾಗಿ, ಕಾಲ್ನಡಿಗೆಯಲ್ಲಿ ಹೊರಟಿದ್ದರು. 300 ಮೈಲಿ, ಪಣಂಬೂರಿನಿಂದ ಹೊರಟರೆ ಕೊಚ್ಚಿಯನ್ನೂ ದಾಟಿಸುವಷ್ಟು ದೂರ. ಅಟ್ಲಾಂಟಿಕ್ಕಿನ ಗುಂಟ ಸಾಗುವ ಎ1ಎ ರಸ್ತೆಯಲ್ಲಿ, ಮೊದಲ ದಿನವೇ, ಕತ್ತಲಾದ ಮೇಲೆ ವಾಹನವೊಂದು ಬಡಿಯಿತು. ವಯಸ್ಸು 45. ಅಂದು ಪ್ರೇಮಿಗಳ ದಿನ.

ನಡಿಗೆ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ಟಕ್ಟ್‌ಸೆರ್ ರಿಂಪೋಚೆ, ಕುಂಬುಂ ಮಠದ ಮುಖ್ಯಸ್ಥರಾಗಿದ್ದವರು. ತಮ್ಮನಾದ ದಲೈ ಲಾಮಾರನ್ನು ಚೀನಾದ ಆಳ್ವಿಕೆಗೆ ಒಪ್ಪಿಸಿದರೆ ಟಿಬೆಟಿನ ಅಧಿಕಾರವನ್ನೇ ಕೊಡುತ್ತೇವೆ ಎಂದು ಚೀನೀಯರು ಆಸೆ ತೋರಿಸಿದಾಗ ಲ್ಹಾಸಾಕ್ಕೆ ಬಂದು ತಮ್ಮನನ್ನೇ ಎಚ್ಚರಿಸಿದರು. ಆಮೇಲೆ ಅಮೆರಿಕ ಸೇರಿದರು. 1995ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಟಿಬೆಟಿನ ಸ್ವಾತಂತ್ರ್ಯ ಕೇಳುತ್ತ ರಸ್ತೆಗಿಳಿದರು. ಮರುವರ್ಷ ವಾಷಿಂಗ್ಟನ್ನಿನ ಚೀನಾ ರಾಯಭಾರ ಕಚೇರಿಯಿಂದ ನ್ಯೂಯಾರ್ಕಿಗೆ, 1997ರಲ್ಲಿ ಟೊರಾಂಟೊದಿಂದ ನ್ಯೂಯಾರ್ಕಿಗೆ. 2008ರಲ್ಲಿ ಅವರು ತೀರಿಕೊಂಡರೂ ಮಗನ ನಡಿಗೆ ನಿಲ್ಲಲಿಲ್ಲ. ಒಟ್ಟು 7,000ಕ್ಕೂ ಹೆಚ್ಚು ಮೈಲಿ.

ಫ್ಲಾರಿಡಾದಲ್ಲಿ ನಡೆದರೆ ಲ್ಹಾಸಾಕ್ಕೆ ಏನು ಬಂತು ಎಂದು ಕೇಳುವವರಿದ್ದಾರೆ. ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುವವರನ್ನು ನಾವು ಹಾಗೆ ಕೇಳುವುದಿಲ್ಲ. ಅವರಿಗೊಂದು ಊರು ಮುಟ್ಟುವುದಿದೆ. ಜಿಗ್ಮೆಗೆ ಮುಟ್ಟಬೇಕಾದ ಊರಿನ ಕಡೆಗೆ ರಸ್ತೆಯೇ ಇರಲಿಲ್ಲ. ಹಾಗಾಗಿ ಕೇಳುವ ಕಿವಿ ಇದ್ದ ಕಡೆಯೆಲ್ಲ ಅವರ ದಾರಿ ಆಯಿತು. ಭಾಷಣ ಕೇಳಲು ಬಾರದವನೂ ಬಾವುಟ ಹೊತ್ತು ಬೆವರಿದವನನ್ನು ಕಂಡರೆ ಎಲ್ಲಿಗೆ ಎಂದು ಕೇಳಿಯೇ ಕೇಳುತ್ತಾನೆ. ಈ ಉಪಾಯ ಗಾಂಧಿಯದು ಎಂದು ಬೇರೆ ಹೇಳಬೇಕಾಗಿಲ್ಲ.

ಪಣಂಬೂರಿನ ಮರಳಿನ ಮೇಲೆ ಒಮ್ಮೊಮ್ಮೆ ಬೈಲುಕುಪ್ಪೆಯ ಎಳೆಯ ಸನ್ಯಾಸಿಗಳು ಕಾಣಸಿಗುತ್ತಾರೆ. ಮಡಿಕೇರಿ, ಸಂಪಾಜೆ, ಸುಳ್ಯದ ದಾರಿಯಾಗಿ ಬಂದವರು. 1960ರ ಹೊತ್ತಿಗೆ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲೂಕಿನಲ್ಲಿ ಟಿಬೆಟಿನ ನಿರಾಶ್ರಿತರಿಗೆ ಕೊಟ್ಟ ನೆಲದಲ್ಲಿ ಬೆಳೆದ ಊರಿನ ಹುಡುಗರು. ಕೆಂಗಂದು ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಅಲೆಗೆ ಹೆದರಿ ಓಡುತ್ತಾರೆ, ಚಪ್ಪಲಿ ತೇಲಿಹೋದರೆ ಬಿದ್ದು ಬಿದ್ದು ನಗುತ್ತಾರೆ. ಒಮ್ಮೆ ಅಂಥ ನಾಲ್ವರು ಚರುಮುರಿ ಗಾಡಿಯ ಮುಂದೆ ನಿಂತಿದ್ದರು. ಗಾಡಿಯವನು ಮಾವಿನಕಾಯಿ ತುರಿಯುತ್ತ, “ನೀವು ನೇಪಾಳದವರಾ?” ಎಂದ.

“ಅಲ್ಲಣ್ಣಾ, ಟಿಬೆಟ್.”

“ಅದು ಚೈನಾದಲ್ಲಿ ಅಲ್ವಾ ಮಾರಾಯ್ರೇ?”

ಹಿರಿಯವನು ಕಾಗದದ ಪೊಟ್ಟಣವನ್ನು ಗೆಳೆಯನ ಕೈಗಿತ್ತು, ಮೈಸೂರು ಕಡೆಯ ಕನ್ನಡದಲ್ಲಿ, ಅಲ್ಲ ಎಂದ.

“ಹಾಗಾದ್ರೆ ಎಂಥ ಕಥೆ ಅದು? ಹೇಳಿ ನೋಡುವ,” ಎಂದು ಗಾಡಿಯವನು ಈರುಳ್ಳಿ ಕೈಗೆತ್ತಿಕೊಂಡ. ಹಿಂದೆ ಆರೇಳು ಜನ ಕಾಯುತ್ತಿದ್ದರು.