ಸೆಡೋನಾ: ಕೆಂಬಂಡೆಗಳ ನಡುವೆ ಯಾವ ದಾರಿ?

ಅಮೆರಿಕದ ಅರಿಝೋನಾ ರಾಜ್ಯದ ಸೆಡೋನಾ ಊರು ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಸುತ್ತಲ ಮರಳುಗಲ್ಲಿಗೆ ಕೆಂಪು ಬಂದಿದ್ದು ಕಬ್ಬಿಣದ ಆಕ್ಸೈಡಿನಿಂದ, ಸರಳವಾಗಿ ಹೇಳಿದರೆ ತುಕ್ಕಿನಿಂದ.

ಇಲ್ಲಿ ಚಾರಣದ ದಾರಿ ಆರಿಸುವಾಗ ದೂರದ ಲೆಕ್ಕವೊಂದನ್ನೇ ನಂಬುವಂತಿಲ್ಲ. ಕೆಥೀಡ್ರಲ್ ರಾಕ್ ಹಾದಿ ಹೋಗಿಬರಲು ಎರಡು ಕಿಲೋಮೀಟರಿನ ಆಸುಪಾಸು. ಕಾಗದದ ಮೇಲೆ ಬೆಳಗಿನ ವಾಕಿಂಗ್ ಅಷ್ಟೇ. ಆದರೆ ಅಷ್ಟರಲ್ಲೇ 200 ಮೀಟರಿಗೂ ಮಿಕ್ಕಿ ಏರಬೇಕು, ಒಂದೆಡೆ ಬಂಡೆಯ ಸೀಳಿನಲ್ಲಿ ಕೈಯೂರಿಯೇ ಹತ್ತಬೇಕು. ಹತ್ತುವಾಗಿನದಕ್ಕಿಂತ ಇಳಿಯುವಾಗಲೇ ಕಾಲು ನಡುಗುವುದು ಹೆಚ್ಚು. ಚಿಕ್ಕ ಮಕ್ಕಳು ಜೊತೆಗಿದ್ದರೆ ಬೆಲ್ ರಾಕ್ ಬುಡದ ಅಗಲ ಹಾದಿಯೇ ಲೇಸು. ಡೆವಿಲ್ಸ್ ಬ್ರಿಜ್ ಈ ಭಾಗದ ಅತಿದೊಡ್ಡ ಸಹಜ ಕಲ್ಲುಕಮಾನು. ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರ ಸಾಲೂ ಸಣ್ಣದಲ್ಲ.

ಬೇಸಿಗೆಯಲ್ಲಿ ತಾಪಮಾನ 35 ಡಿಗ್ರಿ ದಾಟುತ್ತದೆ. ಆಗ ನೋಟಕ್ಕಿಂತ ನೆರಳು ಮುಖ್ಯ. ಓಕ್ ಕ್ರೀಕ್ ಕಣಿವೆಯ ವೆಸ್ಟ್ ಫೋರ್ಕ್ ಹಾದಿ ಮರಗಳ ಕೆಳಗೆ, ತೊರೆಯನ್ನು ಮತ್ತೆ ಮತ್ತೆ ದಾಟುತ್ತ ಸಾಗುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಎಚ್ಚರ ಬೇಕು: ಮಧ್ಯಾಹ್ನದ ಗುಡುಗುಮಳೆ ಎಲ್ಲೋ ಮೇಲೆ ಸುರಿದರೂ ಕಣಿವೆಯೊಳಗೆ ದಿಢೀರ್ ಪ್ರವಾಹ ಬರಬಹುದು. ಚಳಿಗಾಲದಲ್ಲಿ ಅದೇ ನೆರಳಿನಡಿ ಹಿಮ ಗಟ್ಟಿಯಾಗಿ ಕಾಲು ಜಾರಿಸುತ್ತದೆ. ಆಗ ಬಿಸಿಲು ಬೀಳುವ ಬಯಲು ದಾರಿಯೇ ಮೇಲು.

ಕುಡಿಯುವ ನೀರು ದಾರಿಯಲ್ಲಿ ಸಿಗದು, ಹೊತ್ತೇ ಒಯ್ಯಬೇಕು. ಕೆಥೀಡ್ರಲ್ ರಾಕ್ ಬುಡದ ಪಾರ್ಕಿಂಗ್ ಜಾಗ ಶಟಲ್ ಬಸ್ ಓಡುವ ದಿನಗಳಲ್ಲಿ ಮುಚ್ಚಿರುತ್ತದೆ. ಆ ಬಸ್ಸಿಗೆ ಟಿಕೆಟ್ ಇಲ್ಲ.