ಬೆಳಗಿನ ಹಾಲು ಹಾಕಿ ಕಾವೇರಿ ಕಣಿವೆಗೆ

ಹಾಲು ಉತ್ಪಾದಕ ಸಹೋದರಿಯರೇ,

ಹಸುವಿಗೆ ಭಾನುವಾರವಿಲ್ಲ, ಹಾಗಾಗಿ ನಿಮಗೂ ಇಲ್ಲ. "ತವರಿಗೆ ಹೋದರೂ ಸಂಜೆ ಹಾಲಿನ ಹೊತ್ತಿಗೆ ಓಡಿ ಬರಬೇಕು ಡಾಕ್ಟ್ರೇ" ಎಂಬ ಮಾತನ್ನು ನಾನು ಕೊಟ್ಟಿಗೆಗಳಲ್ಲಿ ಕೇಳುತ್ತಲೇ ಇರುತ್ತೇನೆ. ನಿಜ. ಆದರೆ ಎರಡು ಹೊತ್ತಿನ ಹಾಲಿನ ನಡುವೆ ಹತ್ತು ಗಂಟೆಯಷ್ಟು ಸಮಯವಿದೆ. ವರ್ಷಕ್ಕೊಂದು ದಿನವಾದರೂ ಅದನ್ನು ನಿಮಗಾಗಿ ಇಟ್ಟುಕೊಳ್ಳಿ. ಮಂಡ್ಯ, ಮಳವಳ್ಳಿ, ತಿ. ನರಸೀಪುರ ಕಡೆಯವರು ಕಾವೇರಿ ಕಣಿವೆಯ ಮೂರು ಊರುಗಳನ್ನು ಅಷ್ಟರಲ್ಲೇ ನೋಡಿ ಬರಬಹುದು.

ಸೋಮನಾಥಪುರ

ಬನ್ನೂರಿನ ಹತ್ತಿರದ ಊರು. ದಾರಿಯುದ್ದಕ್ಕೂ ನಾಲೆ, ಭತ್ತದ ಗದ್ದೆ, ಕಬ್ಬು. ಹೊಯ್ಸಳ ದೊರೆ ಮೂರನೇ ನರಸಿಂಹನ ಕಾಲದಲ್ಲಿ, 1258ರಲ್ಲಿ, ದಂಡನಾಯಕ ಸೋಮನಾಥ ಇಲ್ಲಿನ ಕೇಶವ ದೇವಾಲಯ ಕಟ್ಟಿಸಿದ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದೂ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಒಳಗೆ ಕೊಳಲೂದುವ ವೇಣುಗೋಪಾಲನ ವಿಗ್ರಹದಲ್ಲಿ ಕೊಳಲಿಗೆ ಕಿವಿಗೊಟ್ಟ ಹಸುಗಳನ್ನು ನೋಡದೆ ಬರಬೇಡಿ. ಹೊರಗೋಡೆಯಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನೂ ಕೆತ್ತಿದ್ದಾನೆ. ಕಟ್ಟಿಸಿದವರ ಹೆಸರಿನ ಜೊತೆ ದುಡಿದವನ ಹೆಸರೂ ಉಳಿದಿದೆ ಇಲ್ಲಿ. ಅದೇ ಊರಲ್ಲಿ ಸಾಲಾಗಿ ಐದು ಗರ್ಭಗುಡಿಗಳಿರುವ, ಪಾಳುಬಿದ್ದ ಪಂಚಲಿಂಗೇಶ್ವರ ಗುಡಿಯಿದೆ. ಗದ್ದಲವಿಲ್ಲದೆ ಕುಳಿತುಕೊಳ್ಳಬಹುದು.

ತಲಕಾಡು

ಗಂಗರ ರಾಜಧಾನಿ, ಆಮೇಲೆ ಚೋಳರ ವಶ. ಅವರಿಂದ ಗೆದ್ದ ವಿಷ್ಣುವರ್ಧನ 'ತಲಕಾಡುಗೊಂಡ' ಎಂಬ ಬಿರುದು ಧರಿಸಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಮರಳಿನಡಿ ಹೂತುಹೋದ ಗುಡಿಗಳನ್ನು ಅಗೆದು ತೆಗೆದಿದ್ದಾರೆ. ಮೆಟ್ಟಿಲಿಳಿದು ದೇವರ ದರ್ಶನ ಮಾಡಬೇಕು. ಅಲಮೇಲಮ್ಮನ ಶಾಪದ ಕಥೆ ನಿಮಗೆ ಗೊತ್ತೇ ಇದೆ. ನದಿಯ ತಿರುವಿನಲ್ಲಿ ನೀರಿಳಿದಾಗ ಬಯಲಾಗುವ ಮರಳನ್ನು ಗಾಳಿ ಹೊತ್ತು ತಂದು ಸುರಿಯಿತು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬಿಸಿಲೇರಿದರೆ ಮರಳಿನಲ್ಲಿ ಕಾಲಿಡಲಾಗದು, ಮಧ್ಯಾಹ್ನದೊಳಗೆ ಸುತ್ತಿಬಿಡಿ. ಹೊಳೆಯಲ್ಲಿ ಆಳವಾದ ಮಡುಗಳಿವೆ, ಮಕ್ಕಳನ್ನು ನೀರಿಗಿಳಿಸಬೇಡಿ.

ಶಿವನಸಮುದ್ರ

ಇನ್ನೂ ಹೊತ್ತಿದ್ದರೆ ಮಾತ್ರ ಇಲ್ಲಿಗೆ. ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತಾಳೆ. ಮಳೆಗಾಲದಲ್ಲಿ ನೋಡಬೇಕು. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬೆಳಕು ಬಂತು.

ಹೊರಡುವ ಮುನ್ನ ಕೊಟ್ಟಿಗೆ ಕೆಲಸ

• ಹೊಸ ಕೈ ಕಂಡರೆ ಹಸು ಬೆದರಿ ಹಾಲು ಇಳಿಸುವುದಿಲ್ಲ. ನೀವು ಬರುವುದು ತಡವಾದರೆ ಕರೆಯಬೇಕಾದವರಿಂದ ಮೂರು ನಾಲ್ಕು ದಿನ ಮುಂಚೆಯೇ ನಿಮ್ಮೆದುರು ಕರೆಸಿ, ರೂಢಿ ಮಾಡಿಸಿ.

• ಅರ್ಧ ಗಂಟೆ ತಡವಾದರೆ ಗಾಬರಿ ಬೇಡ. ಆದರೆ ಹೆಚ್ಚು ಹಾಲಿನ ಹಸುವನ್ನು ಬಹಳ ಹೊತ್ತು ಕರೆಯದೆ ಬಿಟ್ಟರೆ ಕೆಚ್ಚಲು ಬಿಗಿದು ಹಾಲು ಸೋರುತ್ತದೆ, ಕೆಚ್ಚಲು ಬಾವಿಗೆ ದಾರಿಯಾಗುತ್ತದೆ.

• ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಬೇಕು. ತೊಟ್ಟಿ ತುಂಬಿಸಿ, ನೆರಳಲ್ಲಿ ಕಟ್ಟಿ. ಮಧ್ಯಾಹ್ನ ಒಬ್ಬರು ಬಂದು ನೋಡಲಿ.

• "ಇವತ್ತು ನಾನಿರಲ್ಲ" ಎಂದು ಬೆಳಿಗ್ಗೆಯೇ ಎರಡು ಹೊತ್ತಿನ ಪಶು ಆಹಾರ ಸುರಿಯಬೇಡಿ. ಹೊಟ್ಟೆ ಹುಳಿಯಾಗಿ ಹಸು ಮೇವು ಬಿಡುತ್ತದೆ. ಒಣಹುಲ್ಲು ಬೇಕಾದಷ್ಟು ಹಾಕಿ.

• ಕರು ಹಾಕುವ ದಿನ ಹತ್ತಿರವಿದ್ದರೆ ಅಥವಾ ಕರು ಹಾಕಿ ವಾರವಾಗಿಲ್ಲದಿದ್ದರೆ ಪ್ರವಾಸ ಮುಂದೂಡಿ. ಹಾಲುಜ್ವರ ಹೇಳಿ ಕೇಳಿ ಬರುವುದಿಲ್ಲ.

ಮುಯ್ಯಿ ಮಾಡಿಕೊಳ್ಳಿ

ನಾಟಿಗೆ ಮುಯ್ಯಾಳು ಹೋಗುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಾಲು ಕರೆಯುವುದಕ್ಕೂ ಅದೇ ಪದ್ಧತಿ ಇರಲಿ. ಸಂಘದ ಸದಸ್ಯೆಯರು ಎರಡು ತಂಡವಾಗಿ. ಈ ತಿಂಗಳು ಅರ್ಧ ಜನ ಹೋಗಲಿ, ಉಳಿದವರು ಅವರ ಕೊಟ್ಟಿಗೆ ನೋಡಿಕೊಳ್ಳಲಿ. ಮುಂದಿನ ತಿಂಗಳು ಅದಲು ಬದಲು. ಒಂದು ಟೆಂಪೋ ಮಾಡಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಬುತ್ತಿ ಮನೆಯಿಂದಲೇ ಇರಲಿ.

ನೀವು ಕರೆದ ಹಾಲು ದಿನವೂ ಊರು ದಾಟಿ ಹೋಗುತ್ತದೆ. ಒಂದು ದಿನ ನೀವೂ ದಾಟಿ. ಮುಂದಿನ ಸಂಘದ ಸಭೆಯಲ್ಲಿ ಈ ಮಾತು ಎತ್ತಿ, ದಿನ ಗೊತ್ತು ಮಾಡಿ.