ಬಿಸಿಯಾದರೆ ಮುನಿಸಿಕೊಳ್ಳುವ ಯೆಜ್ಡಿ

ಪೆಟ್ರೋಲ್ ಬಂಕಿನಲ್ಲಿ ನಮ್ಮ ಹಿಂದೆ ಏಳೆಂಟು ಗಾಡಿ. ಹಾರ್ನ್ ಮೇಲೆ ಹಾರ್ನ್. ನಾನು ಬೆವರು ಸುರಿಸುತ್ತಾ ಕಿಕ್ ಹೊಡೆಯುತ್ತಲೇ ಇದ್ದೆ. ಹಿಂದೆ ಕೂತಿದ್ದ ಅಪ್ಪ ಮೆಲ್ಲಗೆ ಇಳಿದು, ‘ಸಾಕು, ತಳ್ಳೋ. ನಾಳೆ ಗುಜರಿಯವನನ್ನ ಕರೀತೀನಿ’ ಅಂದರು.

ಅವರ ಸಿಟ್ಟಿಗೆ ಕಾರಣವಿತ್ತು. ಲ್ಯಾಪ್‌ಟಾಪ್ ತಗೋ ಅಂತ ಕೊಟ್ಟಿದ್ದ ದುಡ್ಡನ್ನೆಲ್ಲ ನಾನು ಈ ಗಾಡಿಗೆ ಸುರಿದಿದ್ದೆ.

ಅದು ಯೆಜ್ಡಿ ರೋಡ್‌ಕಿಂಗ್. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಅಪ್ಪ ಮದುವೆಗೆ ಮುಂಚೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಪಿಸ್ಟನ್ ಸೀಜ್ ಆದ ಮೇಲೆ ಹತ್ತು ವರ್ಷ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮಂಚವಾಗಿತ್ತು. ನಾಲ್ಕನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಕೂರಿಸಿ, ಪೇಂಟ್ ಹೊಡೆಸಿ ಎಬ್ಬಿಸಿ ನಿಲ್ಲಿಸಿದೆ. ಮೆಕ್ಯಾನಿಕಲ್ ಬಿ.ಇ. ಓದುವವನೆಂಬ ಜಂಬ ಬೇರೆ.

ಅಮ್ಮ ನಡುವೆ ಬಂದು ಆಯುಧಪೂಜೆಯವರೆಗೆ ಗಡುವು ಕೊಡಿಸಿದಳು.

ಕಾಯಿಲೆ ವಿಚಿತ್ರವಾಗಿತ್ತು. ಬೆಳಿಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್. ಹತ್ತು ಕಿಲೋಮೀಟರ್ ಓಡಿಸಿದರೂ ತಕರಾರಿಲ್ಲ. ಆಫ್ ಮಾಡಿದಿರೋ, ಮುಗಿಯಿತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಒಂದೇ ಕಿಕ್! ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ತಣ್ಣಗಾಗಿ ಸ್ಟಾರ್ಟ್ ಆಗುತ್ತಿತ್ತು. ‘ಗಾಡಿ ಸರಿಯಾಗೇ ಇದೆಯಲ್ಲಪ್ಪ, ನಿನಗೆ ಕಿಕ್ ಹೊಡೆಯೋಕೆ ಬರಲ್ಲ’ ಎಂದು ಮೆಕ್ಯಾನಿಕ್ ಅಣ್ಣ ನಕ್ಕರು.

ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿದೆ. ವ್ಯರ್ಥ ಕೆಲಸ. ಬಿಚ್ಚಿದ ಪ್ಲಗ್ ಪೆಟ್ರೋಲಿನಲ್ಲಿ ಒದ್ದೆಯಾಗಿತ್ತು. ಪೆಟ್ರೋಲ್ ಬರುತ್ತಿದೆ, ಕಿಡಿಯೇ ಸರಿಯಿಲ್ಲ ಅಂತ ಅದು ಮೊದಲ ದಿನವೇ ಹೇಳಿತ್ತು. ಕೇಳಿಸಿಕೊಳ್ಳಲಿಲ್ಲ ಅಷ್ಟೇ.

ಒಂದು ರಾತ್ರಿ ಚೆನ್ನಾಗಿ ಓಡಿಸಿ ಬಂದು, ಕೊಟ್ಟಿಗೆಯ ದೀಪ ಆರಿಸಿ, ಇಂಜಿನ್ನಿನ ಬಲಗಡೆಯ ಕವರ್ ತೆಗೆದೆ. ಬಿಚ್ಚಿದ ಪ್ಲಗ್ಗನ್ನು ಹೆಡ್‌ಗೆ ತಾಗಿಸಿಟ್ಟು ಕಿಕ್ ಹೊಡೆದೆ. ಪ್ಲಗ್ಗಿನಲ್ಲಿ ಸಾಯುತ್ತಿರುವ ಹಳದಿ ಕಿಡಿ. ಕೆಳಗೆ ಪಾಯಿಂಟ್‌ನಲ್ಲಿ ಮಾತ್ರ ದೀಪಾವಳಿ! ಪಾಯಿಂಟ್ ತೆರೆದಾಗ ಅಲ್ಲಿ ಕಿಡಿ ಹಾರದಂತೆ ತಡೆಯುವುದು ಕಂಡೆನ್ಸರ್‌ನ ಕೆಲಸ. ಅದು ಸೋತರೆ ಪ್ಲಗ್ಗಿಗೆ ಸೇರಬೇಕಾದ ಶಕ್ತಿ ಅಲ್ಲೇ ಪೋಲು. ಓಡುವಾಗ ಗಾಳಿ ಬಡಿಯುತ್ತದೆ. ನಿಂತ ಮೇಲೆ ಇಂಜಿನ್ನಿನ ಬಿಸಿಯೆಲ್ಲ ಪಕ್ಕದಲ್ಲೇ ಕೂತ ಈ ಪುಟ್ಟ ಡಬ್ಬಿಗೆ ಏರುತ್ತದೆ.

ಮರುದಿನ ಅದನ್ನು ಕಾಲೇಜಿನ ಲ್ಯಾಬ್‌ಗೆ ಒಯ್ದರೆ, ಮೀಟರಿನಲ್ಲಿ ರೀಡಿಂಗ್ ಸರಿಯಾಗೇ ಬಂತು. ಗೆಳೆಯರ ನಗು. ಪಟ್ಟು ಬಿಡದೆ ಅಕ್ಕನ ಹೇರ್ ಡ್ರೈಯರ್ ತಂದು ಬಿಸಿಗಾಳಿ ಹಿಡಿದೆ. ಎರಡೇ ನಿಮಿಷ, ಅಂಕಿ ಒಂದು ಕಡೆ ನಿಲ್ಲದೆ ಕುಣಿಯತೊಡಗಿತು. ಸೆಮಿಸ್ಟರ್ ರಿಸಲ್ಟ್ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಖುಷಿ ಮನೆ ಮುಟ್ಟುವಷ್ಟರಲ್ಲಿ ಇಳಿಯಿತು. ಕೈಕೊಟ್ಟ ಕಂಡೆನ್ಸರ್ ಹೊಸದು, ನಾನೇ ಹಾಕಿದ್ದು. ಹಳೆಯದಕ್ಕೆ ತುಕ್ಕು ಹಿಡಿದಿದೆಯೆಂದು ಕಸಕ್ಕೆ ಎಸೆದಿದ್ದೆ. ಅಪ್ಪನ ಮುಂದೆ ಒಪ್ಪಿಕೊಂಡೆ. ಅವರು ಮಾತಾಡದೆ ಒಳಗೆ ಹೋಗಿ, ಮೊಳೆ ತುಂಬಿದ ಹಳೇ ಡಬ್ಬ ತಂದು ಅಂಗೈ ಮೇಲೆ ಸುರಿದರು. ನಡುವೆ ಅದೇ ತುಕ್ಕಿನ ಕಂಡೆನ್ಸರ್!

‘ಕಸದಲ್ಲಿ ಬಿದ್ದಿತ್ತು, ಎತ್ತಿಟ್ಟಿದ್ದೆ. ಗಾಡಿ ನಿಂತದ್ದು ಪಿಸ್ಟನ್ನಿಂದ. ಇದು ನಿನಗೇನೋ ಮಾಡಿತ್ತು?’

ಉತ್ತರ ಇರಲಿಲ್ಲ. ಉಜ್ಜಿ ಕೂರಿಸಿದೆ. ಪಾಯಿಂಟ್ ಗ್ಯಾಪ್ 0.4 ಮಿ.ಮೀ.ಗೆ ಸರಿಮಾಡಿ, ಅಪ್ಪನನ್ನು ಕೂರಿಸಿಕೊಂಡು ಅದೇ ಬಂಕಿಗೆ ಹೋದೆ. ಪೆಟ್ರೋಲ್ ಹಾಕಿಸಿ ಕಿಕ್ಕರ್ ಎತ್ತುವಷ್ಟರಲ್ಲಿ ಅಪ್ಪ, ‘ಇಳಿ, ನಾನು ನೋಡ್ತೀನಿ’ ಅಂದರು. ಒಂದೇ ಕಿಕ್.

ಅಂದಿನಿಂದ ಕೀ ಅಪ್ಪನ ಜೇಬಿನಲ್ಲಿದೆ. ನಾನು ಕಾಲೇಜಿಗೆ ಬಸ್ಸಿನಲ್ಲೇ ಹೋಗುತ್ತಿದ್ದೇನೆ.